ಜಾರುಬಂಡಿ ಏರಿದ ಹಲಸಿನ ಮರ

ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳನ್ನು ನಾನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುವುದು. ಮೊನ್ನೆ ಒಂದು ಮಾವಿನ ಗಿಡಕ್ಕೆ ಸುತ್ತಲೆಂದು ಡಬ್ಬಿಗೆ ಕೈಹಾಕಿದರೆ ಬಂದದ್ದು ಬೇರೆಯೇ ಪಟ್ಟಿ. ಕಿತ್ತಳೆ ಬಣ್ಣದ್ದು, ತುದಿಯಲ್ಲೊಂದು ಗುಂಡಿ. ವಾಟರ್ ಪಾರ್ಕುಗಳ ಗೇಟಿನಲ್ಲಿ ಮಣಿಕಟ್ಟಿಗೆ ಹಾಕಿ ಒಳಗೆ ಬಿಡುತ್ತಾರಲ್ಲ, ಅದು. ಗಿಡವನ್ನು ಅಲ್ಲೇ ಬಿಟ್ಟು ಜಗಲಿಯಲ್ಲಿ ಕುಳಿತು ಒಬ್ಬಳೇ ನಗತೊಡಗಿದೆ. ನಮ್ಮವರು ದನದ ಹಟ್ಟಿಯಿಂದ ತಲೆ ಹೊರಹಾಕಿ, "ಎಂತ ಆಯ್ತು ಮಾರಾಯ್ತಿ ನಿಂಗೆ?" ಎಂದರು. ಅವರಿಗೆ ಅದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ದನ ಹಗ್ಗ ಹರಿದುಕೊಂಡು ಹೋದೀತು. ನಿಮಗಾದರೆ ಸಾವಕಾಶವಾಗಿ ಹೇಳಬಹುದು.

ಪುತ್ತೂರು ಕಡೆಯ ಸವಣೂರಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಿತ್ತಲಲ್ಲಿ ನನ್ನದೊಂದು ಚಿಕ್ಕ ನರ್ಸರಿ. ಮಾವು, ಪೇರಳೆ, ಕಾಳುಮೆಣಸು, ಏನು ಕೊಟ್ಟರೂ ಕಸಿ ಕಟ್ಟುತ್ತೇನೆ, ಹತ್ತರಲ್ಲಿ ಎಂಟು ಚಿಗುರುತ್ತವೆ. ಹಾಗೆಂದು ಊರಲ್ಲಿ ಸ್ವಲ್ಪ ಹೆಸರೂ ಉಂಟು, ಆ ಹೆಸರಿನಿಂದ ನನಗೆ ಸ್ವಲ್ಪ ಜಂಬವೂ ಉಂಟು. ಆದರೆ ಹಲಸು ಮಾತ್ರ ನನ್ನ ಕೈಗೆ ಒಲಿದದ್ದಲ್ಲ. ಆ ಮೇಣ ಕೈಗೆ ಹತ್ತುತ್ತದೆ, ಚಾಕುವಿಗೆ ಹತ್ತುತ್ತದೆ, ಸೆರಗಿಗೂ ಹತ್ತುತ್ತದೆ, ಕಡ್ಡಿ ಮಾತ್ರ ಗಿಡಕ್ಕೆ ಹತ್ತುವುದಿಲ್ಲ. ಮೂರು ವರ್ಷ ಕಟ್ಟಿದ ಹಲಸಿನ ಕಡ್ಡಿಗಳೆಲ್ಲ ಒಣಗಿ ಒಲೆ ಸೇರಿದವು. ನಮ್ಮ ಅತ್ತೆ, ಎಂದರೆ ನಮ್ಮವರ ತಾಯಿ, "ಬಿಸಿನೀರಿಗೆ ಒಳ್ಳೆ ಕಟ್ಟಿಗೆ ಮಾಡ್ತಿ ನೀನು" ಎಂದು ಮೆಚ್ಚಿಕೊಳ್ಳುತ್ತಿದ್ದರು.

ಇಂಥವಳಿಗೆ ಈ ಬೇಸಿಗೆಯಲ್ಲಿ ಹಲಸು ಬೆಳೆಗಾರರ ಮತ್ತು ಕಸಿಗಾರರ ಸಮ್ಮೇಳನಕ್ಕೆ ಆಹ್ವಾನ ಬಂತು ನೋಡಿ! ಮೈಸೂರಿನಲ್ಲಿ, ಶನಿವಾರ ಮತ್ತು ಭಾನುವಾರ. ಪ್ರತಿನಿಧಿಗಳಿಗೆ ಊಟ, ವಸತಿ ಉಂಟು, ಮನೆಯವರನ್ನೂ ಕರೆತರಬಹುದು. ಕಾರ್ಡನ್ನು ನಾನು ಮೂರು ಸಲ ಓದಿದೆ. ಮಗಳು ಶ್ರಾವ್ಯ ಒಂದೇ ಸಲ ಓದಿ ಮೊಬೈಲು ಹಿಡಿದಳು. ಅವಳಿಗೆ ಆರನೇ ಕ್ಲಾಸು ಮುಗಿದು ರಜೆ. ಎರಡು ನಿಮಿಷ ಕಳೆದು ಹಿತ್ತಲಲ್ಲಿ ಕೂಗಾಟ.

"ಅಮ್ಮಾ! ನಿನ್ನ ಸಮ್ಮೇಳನದಿಂದ ವಾಟರ್ ಪಾರ್ಕಿಗೆ ಹತ್ತೇ ನಿಮಿಷ! ಮ್ಯಾಪಲ್ಲಿ ತೋರಿಸ್ತಾ ಉಂಟು!"

ಒಂದು ದಾರಿಯಲ್ಲಿ ಎರಡು ಕೆಲಸ ಮಾಡುವುದು ನಮ್ಮ ಕಡೆಯವರಿಗೆ ಹುಟ್ಟುಗುಣ. ಪುತ್ತೂರಿಗೆ ಹಲ್ಲು ಕೀಳಿಸಲು ಹೋದವರು ಬಟ್ಟೆ ಹೊಲಿಯಲು ಕೊಟ್ಟು, ದೇವಸ್ಥಾನಕ್ಕೆ ಹೋಗಿ, ಯಾರದೋ ಮನೆಗೆ ಬಾಣಂತಿ ನೋಡಲು ಹೊಕ್ಕು ಸಂಜೆ ಬಸ್ಸಿಗೆ ಬರುತ್ತಾರೆ, ಬಾಯಲ್ಲಿ ಹತ್ತಿ ಹಾಗೇ ಇರುತ್ತದೆ. ನನ್ನ ತವರು ಉಪ್ಪಿನಂಗಡಿ. ಅಪ್ಪನಿಗೆ ರೇಶನ್ ತರುವ ಕೆಲಸ ಯಾವಾಗಲೂ ನೆರೆ ಬಂದ ದಿನವೇ ನೆನಪಾಗುತ್ತಿತ್ತು. "ಹೋಗುದೇ ಅಲ್ವಾ, ಮಕ್ಕಳೂ ಬರ್ಲಿ" ಎನ್ನುತ್ತಿದ್ದರು. ಒಂದು ಕೊಡೆಯಡಿ ನಾವು ಮೂವರು ಮಕ್ಕಳು. ನೇತ್ರಾವತಿ ಕೆಂಪಾಗಿ ಬರುತ್ತಿತ್ತು, ಕುಮಾರಧಾರೆ ಇನ್ನೊಂದು ಬಣ್ಣದಲ್ಲಿ ಬಂದು ಅದಕ್ಕೆ ಗುದ್ದುತ್ತಿತ್ತು. ತೇಲಿ ಬರುವ ತೆಂಗಿನಕಾಯಿ, ಬಾಳೆಗೊನೆ, ಒಮ್ಮೆ ಯಾರದೋ ಮರದ ಮಂಚ! ನಾವು ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದರೆ ಅಮ್ಮ "ಅಕ್ಕಿ ಎಲ್ಲಿ?" ಎಂದು ಕೇಳುತ್ತಿದ್ದರು. ಅಕ್ಕಿ ಮರೆತೇ ಹೋಗಿರುತ್ತಿತ್ತು. ಅಂಥ ಅಪ್ಪನ ಮಗಳು ನಾನು, ಪಾರ್ಕಿಗೆ ಬೇಡವೆನ್ನುವೆನೇ? ಶನಿವಾರ ಉದ್ಘಾಟನೆ, ಭಾಷಣ, ಸನ್ಮಾನ. ಕಸಿಯ ಪ್ರಾತ್ಯಕ್ಷಿಕೆ ಭಾನುವಾರ. ಹಾಗಾದರೆ ಶನಿವಾರ ಪಾರ್ಕಿಗೆ ಎಂದು ಐದು ನಿಮಿಷದಲ್ಲಿ ತೀರ್ಮಾನವಾಯಿತು.

ನಮ್ಮವರು ದನ ಉಂಟು, ಗಿಡಗಳಿಗೆ ನೀರು ಬಿಡಲಿಕ್ಕುಂಟು ಎಂದು ಮನೆಯಲ್ಲೇ ನಿಂತರು. ಅತ್ತೆಯನ್ನು ಕರೆದೆ. ಅವರಿಗೆ ಎಪ್ಪತ್ತೆರಡು. ಸುಬ್ರಹ್ಮಣ್ಯ, ಧರ್ಮಸ್ಥಳ ಬಿಟ್ಟು ಹೆಚ್ಚು ದೂರ ಹೋದವರಲ್ಲ. "ನಾನು ಎಂತ ಮಾಡ್ಲಿಕ್ಕೆ ಅಲ್ಲಿಗೆ?" ಎಂದರು. ಮರುದಿನ ನೋಡಿದರೆ ಅವರ ಚೀಲ ತುಂಬಿ, ಬಾಯಿ ಕಟ್ಟಿ, ಬಾಗಿಲ ಮೂಲೆಯಲ್ಲಿ ಕುಳಿತಿತ್ತು. ಹೊರಡಲು ಇನ್ನೂ ಆರು ದಿನ ಇತ್ತು.

ಈ ಖುಷಿಯ ನಡುವೆ ಬುಧವಾರ ಬೆಳಿಗ್ಗೆ ಮಂಡೆಕೋಲಿನಿಂದ ಪುರಂದರನ ಫೋನು ಬಂತು. ಮಂಡೆಕೋಲು ಅತ್ತೆಯ ತವರು, ಪುರಂದರ ಅವರ ಅಣ್ಣನ ಮಗ. ಅಲ್ಲಿಯ ಗೇಟಿನ ಪಕ್ಕದಲ್ಲೊಂದು ಹಲಸಿನ ಮರ. ಅತ್ತೆಯ ಅಪ್ಪ ನೆಟ್ಟದ್ದು. ಕೆಂಪು, ಗಟ್ಟಿ ತೊಳೆಯ ಬಕ್ಕೆ ಜಾತಿ, ಕಚ್ಚಿದರೆ ಕರುಂ ಎನ್ನಬೇಕು. ಪ್ರತಿ ಬೇಸಿಗೆ ಅಲ್ಲಿಂದ ಒಂದು ಹಣ್ಣು ಬಾರದಿದ್ದರೆ ಅತ್ತೆಗೆ ವರ್ಷವೇ ಸರಿ ಹೋಗುವುದಿಲ್ಲ. ಬೇರೆ ಯಾರ ಹಲಸು ಕೊಟ್ಟರೂ ಒಂದು ತೊಳೆ ತಿಂದು, "ಅಡ್ಡಿಲ್ಲ" ಎಂದು ಬಟ್ಟಲು ದೂಡುತ್ತಾರೆ.

"ಅತ್ತಿಗೆ, ರಸ್ತೆ ಅಗಲ ಮಾಡ್ತಾ ಇದ್ದಾರೆ" ಎಂದ ಪುರಂದರ. "ಮರ ಇವತ್ತು ಹೋಗ್ತದೆ. ಕಡ್ಡಿ ಬೇಕಾದ್ರೆ ಬೇಗ ಬನ್ನಿ. ಅತ್ತೆಗೆ ಹೇಳುದು ಬೇಡ ಆಯ್ತಾ, ಅವರು ತಡ್ಕೊಳ್ಲಿಕ್ಕಿಲ್ಲ."

ಪಟ್ಟಿ ತರಲು ಸುಳ್ಯಕ್ಕೆ ಹೋಗುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ ಮಂಡೆಕೋಲಿಗೆ ಸ್ಕೂಟರ್ ಹೊಡೆದೆ. ನಾನು ತಲುಪುವಾಗ ಮರ ಅಡ್ಡ ಬಿದ್ದಾಗಿತ್ತು. ಎಳೆ ಕಾಯಿಗಳು ರಸ್ತೆಯಲ್ಲೆಲ್ಲ ಚೆಲ್ಲಿದ್ದವು. ಗೆಲ್ಲುಗಳ ನಡುವೆ ನುಗ್ಗಿ ಒಳ್ಳೆಯ ಒಂಬತ್ತು ಕಡ್ಡಿ ಆರಿಸಿದೆ, ಹೆಚ್ಚು ಸಿಗಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ಅಷ್ಟು ದೊಡ್ಡ ಮರ, ಉಳಿದದ್ದು ಒಂಬತ್ತು ಪೆನ್ಸಿಲು! ನಾನು ಕಟ್ಟಿದರೆ ಮತ್ತೆ ಕಟ್ಟಿಗೆಯೇ. ಆದರೆ ಭಾನುವಾರ ಪ್ರಾತ್ಯಕ್ಷಿಕೆ ಮಾಡುವವರು ತುಮಕೂರು ಕಡೆಯ ರಂಗಪ್ಪನವರು, ಅವರ ಕೈಯಲ್ಲಿ ಹಲಸು ಒಣಗುವುದಿಲ್ಲವೆಂದು ಕೇಳಿದ್ದೆ. ಒದ್ದೆ ಬಟ್ಟೆ, ಅದರ ಮೇಲೆ ಬಾಡಿಸಿದ ಬಾಳೆಲೆ, ಅದಕ್ಕೆ ಬಾಳೆನಾರಿನ ಕಟ್ಟು. ತಂಪಾಗಿಟ್ಟರೆ ನಾಲ್ಕು ದಿನ ತಡೆಯುತ್ತದೆ. ಬುಧವಾರದಿಂದ ಲೆಕ್ಕ ಹಾಕಿದರೆ ಭಾನುವಾರ ಸರಿಯಾಗಿ ನಾಲ್ಕು.

"ಇದೆಲ್ಲಿಯ ಕಡ್ಡಿ?" ಎಂದು ಅತ್ತೆ ಕೇಳಿದರು.

"ನಿಮ್ಮ ತವರಿನದ್ದೇ ಅತ್ತೆ. ಪುರಂದರ ಸುಳ್ಯಕ್ಕೆ ಬಂದಿದ್ದ, ಕೊಟ್ಟ."

"ಹೌದಾ?" ಎಂದರು. ಅಷ್ಟೇ.

ಶುಕ್ರವಾರ ಬೆಳಿಗ್ಗೆ ಪುತ್ತೂರಿನಿಂದ ಬಸ್ಸು ಹತ್ತಿದೆವು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಇಡೀ ಬಸ್ಸು ನಿಂಬೆಹಣ್ಣು ಮೂಸುತ್ತಿದ್ದರೆ ನಮ್ಮ ಅತ್ತೆ ಕಿಟಕಿ ಬಿಟ್ಟು ಅಲುಗಾಡಲಿಲ್ಲ. ಕಡ್ಡಿಯ ಕಟ್ಟು ನನ್ನ ಮಡಿಲಲ್ಲಿ. ಗಂಟೆಗೊಮ್ಮೆ ಬಾಟಲಿಯ ಮುಚ್ಚಳದಲ್ಲಿ ನೀರು ಚಿಮುಕಿಸುತ್ತಿದ್ದೆ. ಪಕ್ಕದ ಸೀಟಿನಾಕೆ, "ಮೀನಾ?" ಎಂದು ಕೇಳಿದರು.

ಶನಿವಾರ ಒಂಬತ್ತಕ್ಕೆ ಸಮ್ಮೇಳನದ ಮೇಜಿನ ಮುಂದೆ ನಿಂತು ಹೆಸರು ಬರೆಸಿದೆ. ಒಂದು ಚೀಲ, ಒಂದು ಪೆನ್ನು, ಕುತ್ತಿಗೆಗೊಂದು ಕಾರ್ಡು ಕೊಟ್ಟರು. 'ಜಯಲಕ್ಷ್ಮಿ, ಪ್ರತಿನಿಧಿ' ಎಂದು ಅಚ್ಚಾಗಿತ್ತು. ಮದುವೆ ಕಾಗದ ಬಿಟ್ಟರೆ ನನ್ನ ಹೆಸರು ಅಚ್ಚಾದದ್ದು ಅದೇ ಮೊದಲು. ಎಷ್ಟು ಹೊತ್ತು ಅದನ್ನೇ ನೋಡಿದೆನೋ, ಶ್ರಾವ್ಯ ಸೆರಗು ಎಳೆದಳು. ಒಳಗೆ ಪ್ರಾರ್ಥನೆ ಶುರುವಾದಾಗ ನಾವು ಅಡುಗೆಯ ಕಡೆಯ ಬಾಗಿಲಿನಿಂದ ಹೊರಗೆ. ಗಂಟೆಗೊಮ್ಮೆ ನೀರು ಬೀಳಬೇಕಲ್ಲ, ಕಡ್ಡಿಯ ಕಟ್ಟೂ ನಮ್ಮ ಚೀಲದಲ್ಲೇ ಇತ್ತು. ಗಣ್ಯರು ದೀಪ ಹಚ್ಚುವ ಹೊತ್ತಿಗೆ ನಾವು ಟಿಕೆಟ್ಟಿನ ಸಾಲಿನಲ್ಲಿದ್ದೆವು. ಶಾಲೆಗೆ ಒಂದು ದಿನವೂ ಚಕ್ಕರ್ ಹೊಡೆಯದವಳು ನಲವತ್ತೈದನೇ ವಯಸ್ಸಿನಲ್ಲಿ, ಅದೂ ಪ್ರತಿನಿಧಿಯಾದ ಮೇಲೆ ಹೊಡೆದೆ. ಎಂಥ ಖುಷಿ ಗೊತ್ತಾ ಅದು!

ಗೇಟಿನಲ್ಲಿ ಕೈಗೆ ಕಿತ್ತಳೆ ಪಟ್ಟಿ ಬಿತ್ತು. ಮುಂದೆ ಚೀಲ ನೋಡುವವರು. ದಪ್ಪ ಮೀಸೆಯ ಗಾರ್ಡು ಬಾಳೆಲೆಯ ಕಟ್ಟನ್ನು ಎತ್ತಿ ಹಿಡಿದರು.

"ಹೊರಗಿನ ತಿಂಡಿ ಬಿಡಲ್ಲಮ್ಮ."

"ತಿಂಡಿ ಅಲ್ಲ ಮಾರಾಯ್ರೆ, ಮರ."

"ಏನು?"

"ಹಲಸಿನ ಮರ."

ಅವರು ಕಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಕುತ್ತಿಗೆಯಲ್ಲಿ ಇನ್ನೂ ನೇತಾಡುತ್ತಿದ್ದ 'ಪ್ರತಿನಿಧಿ'ಯನ್ನು ಓದಿದರು. ನಾನು ನಾರು ಬಿಚ್ಚಿ ತೋರಿಸಿದೆ. "ಸರಿ, ಲಾಕರಲ್ಲಿಡಿ. ನೀರಿನ ಹತ್ತಿರ ಬೇಡ" ಎಂದರು. ಲಾಕರುಗಳೋ, ತಗಡಿನ ಪೆಟ್ಟಿಗೆಗಳು, ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದವು. ಒಳಗೆ ಕೈ ಹಾಕಿದರೆ ಕಾದ ಕಾವಲಿ. ಇದರೊಳಗೆ ಇಟ್ಟರೆ ಸಂಜೆಗೆ ಕಡ್ಡಿ ಬೆಂದು ಪಲ್ಯವಾಗುತ್ತದೆ.

"ನೀವು ಹೋಗಿ. ನಾನು ಇದನ್ನು ಹಿಡ್ಕೊಂಡು ನೆರಳಲ್ಲಿ ಕೂತ್ಕೊಳ್ತೇನೆ" ಎಂದೆ. ಹೇಳುವಾಗಲೇ ನನಗೆ ಅಳು ಬರುವಂತಾಗಿತ್ತು. ಒಂದು ವಾರದಿಂದ ಆ ಜಾರುಬಂಡಿಯ ವಿಡಿಯೋ ಮಗಳಿಗಿಂತ ಹೆಚ್ಚು ಸಲ ನೋಡಿದವಳು ನಾನು. ಶ್ರಾವ್ಯಳ ಮುಖ ಇಷ್ಟು ಸಣ್ಣದಾಯಿತು.

ಅತ್ತೆ ಕೈ ಚಾಚಿದರು. "ಕೊಡು ಇಲ್ಲಿ. ಕೂತ್ಕೊಳ್ಳುದು ನನ್ನ ಕೆಲಸ. ನಿಮಗೆ ಆಡ್ಲಿಕ್ಕೆ ಬಂದದ್ದಲ್ವಾ? ಹೋಗಿ!"

ಒಂದು ಗಸಗಸೆ ಮರದಡಿ ಬೆಂಚಿನಲ್ಲಿ ಅವರನ್ನು ಕೂರಿಸಿ, ಬಟ್ಟೆ ಬದಲಿಸಿ ನಾವು ಓಡಿದೆವು. ಹೌದು, ಓಡಿದೆವು. ಎಷ್ಟು ವರ್ಷವಾಗಿತ್ತು ನಾನು ಬಸ್ಸು ಹಿಡಿಯಲಿಕ್ಕಲ್ಲದೆ ಓಡಿ! ತಿರುಗುವ ಕುರ್ಚಿ ಹತ್ತಿದೆವು, ತೂಗುವ ದೋಣಿ ಹತ್ತಿದೆವು. ಒಂದು ಗೋಪುರದಲ್ಲಿ ನಮ್ಮನ್ನು ಮೇಲೆ ಒಯ್ದು, ಒಂದು ಕ್ಷಣ ನಿಲ್ಲಿಸಿ, ಕೆಳಗೆ ಬಿಟ್ಟರು. ಹೊಟ್ಟೆ ಮೇಲೆಯೇ ಉಳಿಯಿತು. ನಾನು ಕೂಗಿದ ಕೂಗಿಗೆ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ನನ್ನ ಕೈ ಹಿಡಿದು, "ಆಂಟಿ, ಮುಗೀತು, ಕಣ್ಣು ಬಿಡಿ" ಎಂದು ಸಮಾಧಾನ ಮಾಡಬೇಕಾಯಿತು. ಇಳಿದ ಕೂಡಲೇ "ಇನ್ನೊಮ್ಮೆ" ಎಂದದ್ದು ಶ್ರಾವ್ಯ ಅಲ್ಲ, ನಾನು.

ಒಂದು ಗಂಟೆ ಕಳೆದು ಬಂದರೆ ಬೆಂಚು ಖಾಲಿ.

ಅತ್ತೆ ಇಲ್ಲ, ಕಟ್ಟೂ ಇಲ್ಲ. ಊಟದ ಕಡೆ ನೋಡಿದೆವು, ಶೌಚಾಲಯದ ಕಡೆ ನೋಡಿದೆವು. ಕೊನೆಗೆ ಶ್ರಾವ್ಯ ನನ್ನ ತೋಳು ಹಿಡಿದು, "ಅಮ್ಮಾ... ಅದು ಅಜ್ಜಿಯಾ?" ಎಂದಳು.

ದೊಡ್ಡ ಕೊಳದಲ್ಲಿ ಯಂತ್ರ ಹಾಕಿ ಸಮುದ್ರದ ಹಾಗೆ ತೆರೆ ಎಬ್ಬಿಸುತ್ತಿದ್ದರು. ಆ ತೆರೆಗಳ ಮಧ್ಯೆ, ಬಾಡಿಗೆಯ ನೀಲಿ ನೈಲಾನ್ ಅಂಗಿ, ಕಾಲಿಗಂಟುವ ಕಪ್ಪು ಚಡ್ಡಿ ತೊಟ್ಟು, ಎರಡೂ ಕೈ ಎತ್ತಿ ನಿಂತಿದ್ದಾರೆ ನಮ್ಮ ಅತ್ತೆ! ಜೀವಮಾನವಿಡೀ ಸೀರೆಯ ನೆರಿಗೆ ಒಂದಿಂಚು ಆಚೀಚೆ ಆಗಗೊಡದವರು. ತೆರೆ ಬಂದಾಗ ಹಾರುತ್ತಾರೆ, ಹೋದಾಗ "ಇನ್ನೂ ದೊಡ್ಡದು ಬಿಡ್ಲಿ!" ಎಂದು ಕೂಗುತ್ತಾರೆ. ಸೊಂಟದಲ್ಲಿ ಅಂಗಿಯಡಿ ಏನೋ ಉಬ್ಬಿಕೊಂಡಿತ್ತು. ನಾವೂ ನೀರಿಗಿಳಿದು ಅವರ ಹತ್ತಿರ ಹೋದೆವು.

"ಅತ್ತೆ! ಕಡ್ಡಿ ಎಲ್ಲಿ?"

ಸೊಂಟ ತಟ್ಟಿ ತೋರಿಸಿದರು. "ಇಲ್ಲೇ ಉಂಟು. ಬೈರಾಸಲ್ಲಿ ಕಟ್ಟಿದ್ದೇನೆ." ತಲೆಗೆಂದು ಕೊಟ್ಟ ಪ್ಲಾಸ್ಟಿಕ್ ಟೊಪ್ಪಿಯನ್ನು ಕಡ್ಡಿಗೆ ತೊಡಿಸಿ, ಅದರ ಮೇಲೆ ಮೈಯೊರೆಸುವ ಬೈರಾಸು ಸುತ್ತಿದ್ದರು. ಟೊಪ್ಪಿ ಹಾಕಿಕೊಳ್ಳಿ ಎಂದು ದಡದಲ್ಲೊಬ್ಬಳು ಅವರಿಗೆ ಸೀಟಿ ಊದಿ ಊದಿ ಸೋತಿದ್ದಳು.

"ಈ ನೀರಲ್ಲಿ ಮದ್ದು ಹಾಕಿರ್ತಾರೆ ಅತ್ತೆ! ಕಡ್ಡಿ ಸಾಯ್ತದೆ!"

"ಒದ್ದೆ ಮಾಡಿ ಇಡ್ಬೇಕು ಅಂತ ನೀನೇ ಹೇಳಿದ್ದಲ್ವಾ? ಬಸ್ಸಲ್ಲಿ ಮುಚ್ಚಳ ಮುಚ್ಚಳ ನೀರು ಹಾಕಿದ್ದು ಯಾರು?" ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದರು. "ಇಷ್ಟು ಗಾಬರಿ ಎಂತಕ್ಕೆ? ಹೋದ್ರೆ ಬೇರೆ ತರುವ. ಮರ ಉಂಟಲ್ಲ?"

ಕಟ್ಟು ತೆಗೆದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ದೊಡ್ಡ ತೆರೆಯೊಂದು ಬಂದು ಮೂವರನ್ನೂ ಒಟ್ಟಿಗೆ ಮಗುಚಿತು. ಎದ್ದಾಗ ನಾವು ಮೂವರೂ ನಗುತ್ತಿದ್ದೆವು. ನಾನು ಕೈಚೆಲ್ಲಿದೆ. ಸತ್ತರೆ ಆಗಲೇ ಸತ್ತಿರುತ್ತದೆ, ಇನ್ನು ಹೆದರಿ ಆಗುವುದೇನು? ಅತ್ತೆಯೇ ಮುಂದಾಗಿ ಮೆಟ್ಟಿಲು ಹತ್ತಿದರು. ದೊಡ್ಡ ಜಾರುಬಂಡಿ, ಒಂದು ರಬ್ಬರ್ ಟ್ಯೂಬು, ಅದರಲ್ಲಿ ನಾವು ಮೂವರು ಮತ್ತು ಒಂದು ಮರ. ಕತ್ತಲ ಕೊಳವೆಯೊಳಗೆ ತಿರುಗಿ, ಬೆಳಕಿಗೆ ಚಿಮ್ಮಿ, ನೀರಿಗೆ ಬಿದ್ದೆವು. ಅಷ್ಟು ಗಟ್ಟಿಯಾಗಿ ನಾನು ಉಪ್ಪಿನಂಗಡಿಯ ನೆರೆ ನೋಡುವಾಗಲೂ ಕೂಗಿರಲಿಲ್ಲ. ಅತ್ತೆ ಮಾತ್ರ ಒಂದು ಕೈಯಲ್ಲಿ ಟ್ಯೂಬು, ಇನ್ನೊಂದರಲ್ಲಿ ಸೊಂಟ ಬಿಗಿಯಾಗಿ ಹಿಡಿದಿದ್ದರು.

ಸಂಜೆ ಕೋಣೆಗೆ ಬಂದು ಕಟ್ಟು ಬಿಚ್ಚಿದರೆ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಟೊಪ್ಪಿಯೊಳಗೂ ನೀರು ಹೋಗಿತ್ತು. ಮೂರು ಸಲ ತೊಳೆದೆ, ಹೊಸ ಬಟ್ಟೆ ಸುತ್ತಿದೆ. ಅತ್ತೆ ಗೊರಕೆ ಹೊಡೆಯುತ್ತಿದ್ದರು. ಚಕ್ಕರ್ ಹೊಡೆದ ಖುಷಿಯೆಲ್ಲ ಇಳಿದುಹೋಗಿತ್ತು. ಈ ಪಾರ್ಕಿನ ಆಸೆ ಇಲ್ಲದಿದ್ದರೆ ಕಡ್ಡಿ ತಂಪಾಗಿ ಕೋಣೆಯಲ್ಲಿರುತ್ತಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಭಾನುವಾರ ಪ್ರಾತ್ಯಕ್ಷಿಕೆಗೆ ಮುಂದಿನ ಸಾಲಿನಲ್ಲೇ ಕುಳಿತೆವು. ರಂಗಪ್ಪನವರು ಸಣ್ಣ ದೇಹದ, ಬಿಳಿ ಪಂಚೆಯ ಮುದುಕರು. ಯಾರಾದರೂ ಕಡ್ಡಿ ತಂದಿದ್ದರೆ ಕೊಡಿ ಎಂದಾಗ ನಾನು ಎದ್ದು ಕಟ್ಟನ್ನು ಅವರ ಮೇಜಿನ ಮೇಲಿಟ್ಟೆ. ಅತ್ತೆ ನನ್ನ ಹಿಂದೆಯೇ ಬಂದು ನಿಂತರು. ರಂಗಪ್ಪನವರು ಒಂದು ಕಡ್ಡಿ ಮೂಸಿದರು. ಇನ್ನೊಂದು ಮೂಸಿದರು.

"ಏನ್ ತಾಯಿ ಇದು, ಈಜುಕೊಳದ ವಾಸನೆ?"

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಮೈಕು ಅವರ ಕೈಯಲ್ಲೇ ಇತ್ತು, ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನ ದಿನ ಪ್ರತಿನಿಧಿ ಎಲ್ಲಿದ್ದಳೆಂಬುದು ಸಂಘಟಕರಿಗೂ ತಿಳಿಯಿತು. ರಂಗಪ್ಪನವರೂ ನಕ್ಕರು. "ಹೋಗ್ಲಿ ಬಿಡಿ. ಇದು ಕೆಟ್ಟಿದ್ರೆ ಮರದಿಂದ ಬೇರೆ ಕಡ್ಡಿ ಕಳಿಸ್ಕೊಡಿ, ನಾನೇ ಕಟ್ಟಿಕೊಡ್ತೀನಿ. ಮರ ಇದೆಯಲ್ಲ?"

ಅತ್ತೆಯ ಎದುರು ಏನು ಹೇಳುವುದು?

"ಇಲ್ಲ" ಎಂದರು ಅತ್ತೆ, ಹಿಂದಿನಿಂದ. "ಮರ ಕಡಿದಾಯ್ತು. ಬುಧವಾರ."

ನಾನು ತಿರುಗಿ ನೋಡಿದೆ. "ನಿಮಗೆ ಗೊತ್ತಿತ್ತಾ ಅತ್ತೆ?"

"ಪುರಂದರನ ಹೆಂಡತಿ ಅವತ್ತೇ ಫೋನ್ ಮಾಡಿ ಅತ್ತಳು. ನೀನು ಅಷ್ಟು ದಿನದಿಂದ ಆ ಜಾರುಬಂಡಿಯನ್ನೇ ಕನಸು ಕಾಣ್ತಾ ಇದ್ದಿ. ನಾನು ಅಳ್ತಾ ಕೂತ್ರೆ ನೀನು ಹೊರಡ್ತಿದ್ದಿಯಾ?" ಅತ್ತೆ ಮೇಜಿನ ಮೇಲಿನ ಕಡ್ಡಿಗಳನ್ನು ಮುಟ್ಟಿದರು. "ಅಪ್ಪ ನೆಟ್ಟದ್ದು. ಬೆಂಚಲ್ಲಿ ಬಿಟ್ಟು ನೀರಿಗೆ ಇಳಿಲಿಕ್ಕೆ ಮನಸ್ಸು ಬರ್ಲಿಲ್ಲ. ಇಳಿಯದೆ ಇರ್ಲಿಕ್ಕೂ ಮನಸ್ಸು ಬರ್ಲಿಲ್ಲ. ಅಷ್ಟು ವರ್ಷ ನಿಂತಲ್ಲೇ ನಿಂತ ಮರ ಅದು, ಒಂದು ದಿನ ನಮ್ಮ ಒಟ್ಟಿಗೆ ತಿರುಗಾಡ್ಲಿ ಅಂತ ಕಟ್ಕೊಂಡೆ."

ನನಗೆ ಅಳು ತಡೆಯಲಾಗಲಿಲ್ಲ. ರಂಗಪ್ಪನವರು ಮೈಕು ಕೆಳಗಿಟ್ಟು ಚಾಕು ಎತ್ತಿದರು. ಒಂದೊಂದು ಕಡ್ಡಿಯ ಸಿಪ್ಪೆಯನ್ನೂ ಉಗುರಿನಷ್ಟು ಕೆರೆದು ಕಾದರು. ಮೊದಲನೆಯದು ಕಪ್ಪು. ಎರಡನೆಯದೂ ಕಪ್ಪು. ಮೂರನೆಯದರಲ್ಲಿ ಸಾಸಿವೆಯಷ್ಟು ಬಿಳಿ ಹಾಲು ಮೂಡಿತು. "ಜೀವ ಇದೆ" ಎಂದರು. ಒಂಬತ್ತರಲ್ಲಿ ಐದಕ್ಕೆ ಜೀವ ಇತ್ತು.

ಎರಡನ್ನು ಅವರು ತಾವು ತಂದಿದ್ದ ಹಲಸಿನ ಸಸಿಗಳಿಗೆ ಕಟ್ಟಿದರು. ಉಳಿದ ಮೂರನ್ನು ನನ್ನ ಮುಂದಿಟ್ಟು, "ನೀವು ಕಟ್ಟಿ, ನೋಡೋಣ" ಎಂದರು. ಕಟ್ಟಿದೆ. ಅವರು ತಲೆ ಅಲ್ಲಾಡಿಸಿದರು. "ಹೆದರ್ತೀರಿ ತಾಯಿ. ಅದಕ್ಕೆ ಎರಡೆರಡು ಸಲ ಕೆತ್ತುತ್ತೀರಿ. ಹಲಸಿಗೆ ಒಂದೇ ಸಲ, ಸರಕ್ ಅಂತ." ಮೂರು ವರ್ಷದ ಕಟ್ಟಿಗೆಯ ಗುಟ್ಟು ಇಷ್ಟೇ ಆಗಿತ್ತು!

ಐದೂ ಗಿಡಗಳನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದೆವು. ಅತ್ತೆ ಅವನ್ನು ಬಚ್ಚಲಿನ ಪಕ್ಕದ ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ನೋಡುತ್ತಿದ್ದರು. ಮೂರನೇ ವಾರ ನಾನು ಕಟ್ಟಿದ ಮೂರೂ ಒಣಗಿದವು. ಆಮೇಲೆ ರಂಗಪ್ಪನವರದ್ದರಲ್ಲಿ ಒಂದು ಹೋಯಿತು. ಉಳಿದ ಒಂದರ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ, ಆ ದಾರಿ ಬಿಟ್ಟು ಸುತ್ತಿ ಬಚ್ಚಲಿಗೆ ಹೋಗುತ್ತಿದ್ದೆ.

ಮಳೆ ಹಿಡಿದ ಮೊದಲ ವಾರದ ಒಂದು ಬೆಳಿಗ್ಗೆ ಅತ್ತೆ, "ಜಯಾ, ಇಲ್ಲಿ ಬಾ" ಎಂದು ಕರೆದರು. ಕಡ್ಡಿಯ ತುದಿ ಒಡೆದು, ಎರಡು ಎಳೆಯ ಎಲೆ ಹೊರಗೆ ಬಂದಿತ್ತು. ನಾನು ಕುಣಿದೆ. ಶ್ರಾವ್ಯ ಕುಣಿದಳು. ನಮ್ಮವರು ಹಟ್ಟಿಯಿಂದ ಓಡಿ ಬಂದರು. ಅತ್ತೆ ಕುಣಿಯಲಿಲ್ಲ. ಕೈ ಒರೆಸಿಕೊಂಡು ಸೀದಾ ಒಳಗೆ ಹೋಗಿ ಫೋನು ಎತ್ತಿದರು.

ಮರ ಹೋದ ಮೇಲೆ ಅವರು ಪುರಂದರನ ಹತ್ತಿರ ಮಾತಾಡಿರಲಿಲ್ಲ. ಆಚೆಯಿಂದ ಅವನು ಹೆದರಿ ಹೆದರಿ, "ಅತ್ತೆ, ಹೇಗಿದ್ದೀರಿ?" ಎಂದದ್ದು ನಮಗೂ ಕೇಳಿಸಿತು.

"ನಾನು ಚೆನ್ನಾಗಿದ್ದೇನೆ. ನೀನು ಗೇಟಿನಿಂದ ಇಪ್ಪತ್ತು ಹೆಜ್ಜೆ ಒಳಗೆ ಒಂದು ಗುಂಡಿ ತೆಗಿ ಮಾರಾಯ. ದೊಡ್ಡದು. ಸುಡುಮಣ್ಣು ಹಾಕಿ ಇಡು" ಎಂದರು ಅತ್ತೆ. "ಬರುವ ವರ್ಷದ ಮೊದಲ ಮಳೆಗೆ ಅಪ್ಪನ ಮರ ತಕ್ಕೊಂಡು ನಾನು ಬರ್ತೇನೆ."